ಬತ್ತೀನಿ ಅನ್ನಿ

ನಮ್ಮ ಆಸ್ಪತ್ರೆಯ ಆಂಬುಲೆನ್ಸ್ ಓಡಿಸುವ ಚಲುವರಾಜುವಿನ ಕಾಟ ಒಂದೆರಡಲ್ಲ. ಡ್ಯೂಟಿ ಮುಗಿಸಿ ಹೊರಟವರು ಯಾರೇ ಆಗಲಿ, ‘ಓಯ್ತೀನಿ’ ಅಂದರೆ ಗೇಟಿನಲ್ಲೇ ತಡೆಯುತ್ತಿದ್ದ. ‘ಬತ್ತೀನಿ’ ಅನ್ನಿಸಿದ ಮೇಲೆಯೇ ದಾರಿ ಬಿಡುತ್ತಿದ್ದದ್ದು. ಹೊಸ ನರ್ಸ್ ತನುಶ್ರೀ ಒಮ್ಮೆ ಬಸ್ಸು ತಪ್ಪಿಸಿಕೊಂಡದ್ದೂ ಇದರಿಂದಲೇ. ಹೊರಡುವಾಗ ಹೋಗುತ್ತೇನೆ ಅನ್ನಬಾರದೆಂದು ನಾಗಮಂಗಲದ ಕಡೆ ಮಕ್ಕಳಿಗೂ ಗೊತ್ತು. ನಮ್ಮ ಮನೆಯ ಉರ್ದುವಿನಲ್ಲೂ ‘ಜಾಕೆ ಆತೂಂ’ ಎಂದೇ ಹೊರಡುತ್ತೇವೆ, ಹೋಗಿ ಬರುತ್ತೇನೆ ಅಂತ. ಆದರೆ ಆಸ್ಪತ್ರೆಯೇನು ತವರುಮನೆಯೇ? ವಾಸಿಯಾಗಿ ಮನೆಗೆ ಹೊರಟ ರೋಗಿಗೂ ‘ಬತ್ತೀನಿ ಅನ್ನಿ’ ಎಂದು ಹೇಳಿ, ಅವರ ಕಡೆಯವರಿಂದ ಚೆನ್ನಾಗಿ ಬೈಸಿಕೊಂಡಿದ್ದಾನೆ ಪುಣ್ಯಾತ್ಮ.

ನಾನು ಜೀನತ್, ಇಲ್ಲಿ ಹಿರಿಯ ನರ್ಸು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅವನ ಗೇಟಿನ ಪಂಚಾಯ್ತಿಗೆ ಎಷ್ಟೋ ಸಲ ರೇಗಿದ್ದೇನೆ.

ಚಲುವರಾಜು ದೇವಲಾಪುರದವನು. ಬೆಳ್ಳೂರು ಕ್ರಾಸಿನ ಹೆದ್ದಾರಿಯಲ್ಲಿ ಅಪಘಾತವಾದರೆ ಓಡುವವನು ಅವನೇ, ವಾಪಸು ಬಂದು ಗಾಡಿಯ ರಕ್ತ ತೊಳೆಯುವವನೂ ಅವನೇ. ತೊಳೆಯುತ್ತಲೇ ತಮಾಷೆ ಮಾಡುತ್ತಿದ್ದ. ಡಾಕ್ಟರಿಗೆ ಮನಸ್ಸು ಕೆಡಬಹುದು, ನರ್ಸಿಗೆ ಕೆಡಬಹುದು, ಡ್ರೈವರಿಗೆ ಏನಾಗುತ್ತದೆ ಅನ್ನುವುದು ಎಲ್ಲ ಆಸ್ಪತ್ರೆಗಳ ಹಾಗೆ ನಮ್ಮದರ ಲೆಕ್ಕವೂ ಆಗಿತ್ತು.

ಕಳೆದ ವರ್ಷ ಮೇಲುಕೋಟೆ ಕಡೆಯ ಹಳ್ಳಿಯಿಂದ ಒಬ್ಬಳು ಬಾಣಂತಿಯನ್ನು ಕರೆತರುತ್ತಿದ್ದ. ರಕ್ತ ನಿಲ್ಲುತ್ತಿರಲಿಲ್ಲ. ಹತ್ತಿರವೆಂದು ಹಿಡಿದ ಒಳದಾರಿಯಲ್ಲಿ ಸೇತುವೆ ಕೆಲಸಕ್ಕೆ ರಸ್ತೆ ಅಗೆದಿದ್ದರು. ಗಾಡಿ ತಿರುಗಿಸಿಕೊಂಡು ಬರುವಷ್ಟರಲ್ಲಿ ಆ ಹೆಣ್ಣುಮಗಳು ತೀರಿಕೊಂಡಳು. ಯಾವ ದಾರಿಯಲ್ಲಿ ಬಂದಿದ್ದರೂ ಉಳಿಯುತ್ತಿರಲಿಲ್ಲವೆಂದು ಡಾಕ್ಟರ್ ಲೋಕೇಶ್ ಅವನಿಗೆ ಬಿಡಿಸಿ ಹೇಳಿದರು. ಹೂಂ ಅಂದ. ಅಲ್ಲಿಂದ ಮುಂದೆ ಅವನ ಬಾಯಿ ಕಟ್ಟಿಹೋಯಿತು. ಊಟದ ಡಬ್ಬಿ ತಂದ ಹಾಗೇ ವಾಪಸು ಹೋಗುತ್ತಿತ್ತು. ಗೇಟಿನಲ್ಲಿ ಯಾರು ಏನು ಹೇಳಿಕೊಂಡು ಹೋದರೂ ತಡೆಯಲಿಲ್ಲ. ಸದ್ಯ, ಕಾಟ ತಪ್ಪಿತು ಎಂದು ನಕ್ಕವರೂ ಇದ್ದರು.

ಒಂದು ಸಂಜೆ ಗಾಡಿಯ ಕೀಲಿ ತಂದು ನನ್ನ ಮೇಜಿನ ಮೇಲಿಟ್ಟ. ಅದನ್ನು ಇನ್ನೊಬ್ಬರ ಕೈಗೆ ಸುಲಭಕ್ಕೆ ಕೊಡುವವನಲ್ಲ.

“ಓಯ್ತೀನಿ ಕಣಕ್ಕ,” ಅಂದ.

ಬೇರೆ ಯಾರಾದರೂ ಅಂದಿದ್ದರೆ ನಾನು ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತೆ.

“ಬತ್ತೀನಿ ಅನ್ನು ಚಲುವರಾಜು. ಅಂದ್ರೆ ಬುಡ್ತೀನಿ.”

“ಸುಳ್ಳು ಯೋಳಕ್ಕಾಗಕಿಲ್ಲ ಕಣಕ್ಕ.”

ಸಾವಿನ ಮಾತೆತ್ತಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂದು ಹೆದರುವವರಿದ್ದಾರೆ. ಹಾಗೇನೂ ಆಗುವುದಿಲ್ಲ. ಸುತ್ತಿ ಬಳಸದೆ ಕೇಳಿದೆ: “ಸಾಯ್ಬೇಕು ಅನ್ನಿಸ್ತಾ ಅದಾ?”

ಹೌದೆಂದು ತಲೆಯಾಡಿಸಿದ. ಆಮೇಲೆ ಅಲ್ಲೇ ಕುಸಿದು ಕೂತು ಅತ್ತ. ಆ ಹೆಣ್ಣುಮಗಳು ದಾರಿಯುದ್ದಕ್ಕೂ ‘ಬೇಗ ಅಣ್ಣ, ಬೇಗ’ ಅಂದದ್ದು ಕಿವಿ ಬಿಟ್ಟು ಹೋಗುತ್ತಿಲ್ಲವಂತೆ.

ನಾನು ಬುದ್ಧಿ ಹೇಳಲಿಲ್ಲ. ಹೆಂಡತಿ ಮಕ್ಕಳ ಮುಖ ನೋಡು ಅನ್ನಲೂ ಇಲ್ಲ. ಅವರ ಮುಖ ನೋಡಿಕೊಂಡೇ ಅವನು ಇಷ್ಟು ದಿನ ತಡೆದುಕೊಂಡಿದ್ದ. ಪಕ್ಕದಲ್ಲೇ ಕೂತೆ. ತನುಶ್ರೀ ಟೀ ತಂದಳು. ಮನಸ್ಸಿನ ಕಷ್ಟ ಕೇಳುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ನಾನೇ ಫೋನು ಹಚ್ಚಿ ಅವನ ಕೈಗೆ ಕೊಟ್ಟೆ. ಆ ಕಡೆಯಿಂದ ಕನ್ನಡದಲ್ಲೇ ನಿಧಾನವಾಗಿ ಮಾತಾಡಿದರು. ಅಷ್ಟರಲ್ಲಿ ನಾವು ಕರೆಸಿದ್ದ ಅವನ ಹೆಂಡತಿ ರಂಜಿತ ಬಂದಳು. ಅವನನ್ನು ಒಬ್ಬನೇ ಬಿಡಬಾರದು, ಮನೆಯಲ್ಲಿ ಅಪಾಯದ್ದೇನೂ ಕೈಗೆ ಸಿಗಬಾರದು ಎಂದು ಹೇಳಿ ಜೊತೆಯಲ್ಲಿ ಕಳಿಸಿದೆ. ಮಾರನೆಯ ದಿನ ಲೋಕೇಶ್ ಡಾಕ್ಟರೇ ತಮ್ಮ ಕಾರಿನಲ್ಲಿ ಮಂಡ್ಯದ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಅವನಿಗೆ ತಲೆ ಕೆಟ್ಟಿದೆ ಎಂದು ಮೂಲೆಯಲ್ಲಿ ನಿಂತು ಪಿಸುಗುಟ್ಟಿದವರಿಗೆ ನಾನು ಚೆನ್ನಾಗಿಯೇ ಉಗಿದೆ.

ಇಂಥದ್ದು ವಾಸಿಯಾಗುವುದು ನಿಧಾನ. ಮಾತ್ರೆ, ರಜೆ, ಡಾಕ್ಟರ ಜೊತೆ ಮಾತು ಅಂತ ಕೆಲವು ತಿಂಗಳು ಹೋದವು. ಆಮೇಲೆ ಮತ್ತೆ ಗಾಡಿ ಹತ್ತಿದ. ಗೇಟಿನ ಕಾಟವೂ ಶುರುವಾಯಿತು, ಆದರೆ ಈಗ ಬಲವಂತ ಇಲ್ಲ. ‘ಬತ್ತೀನಿ’ ಅನ್ನುವ ಮಾತು ಬಾಯಿಗೆ ಬಾರದವರನ್ನು ಸುಮ್ಮನೆ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ. ಒಂದೊಂದು ಸಂಜೆ ಅವನೇ ನನ್ನ ಹತ್ತಿರ ಬಂದು ಇವತ್ತು ನನಗೆ ಆ ಮಾತು ಬರುತ್ತಿಲ್ಲ ಅನ್ನುತ್ತಾನೆ. ಅವತ್ತು ಅವನನ್ನು ನಾವು ಒಬ್ಬನೇ ಕಳಿಸುವುದಿಲ್ಲ.

ಮೊನ್ನೆ ನಮ್ಮ ವಾರ್ಡಿನಲ್ಲಿ ಒಂದು ಮಗು ತೀರಿಹೋಯಿತು. ಸಂಜೆ ಲೋಕೇಶ್ ಡಾಕ್ಟರು ಎಲ್ಲರಿಗಿಂತ ತಡವಾಗಿ ಹೊರಟರು. ಅವರನ್ನು ಗೇಟಿನಲ್ಲಿ ಯಾರೂ ತಡೆದದ್ದಿಲ್ಲ, ದೊಡ್ಡವರಲ್ಲವೇ. ಕಾರಿನ ಬಾಗಿಲು ತೆಗೆದರು, ಹತ್ತಲಿಲ್ಲ. ಗಾಡಿ ತೊಳೆಯುತ್ತಿದ್ದ ಚಲುವರಾಜುವಿನ ಹತ್ತಿರ ಬಂದರು.

“ನಂಗೂ ಆ ಮಾತು ಬರ್ತಿಲ್ಲ ಕಣಪ್ಪ,” ಅಂದರು.

ಚಲುವರಾಜು ನಲ್ಲಿ ನಿಲ್ಲಿಸಿದ. ಕೈ ಒರೆಸಿಕೊಂಡು ಸ್ಟೂಲು ಎಳೆದು ಹಾಕಿದ.

“ಕೂತ್ಕಳಿ ಸಾರ್,” ಅಂದವನು, ಅವರ ಕೈಯಲ್ಲಿದ್ದ ಕಾರಿನ ಕೀಲಿಯನ್ನು ಮೆಲ್ಲಗೆ ಇಸಿದುಕೊಂಡು ತನ್ನ ಜೇಬಿಗೆ ಹಾಕಿಕೊಂಡ.