ಸೈನ್ಸ್ ತಗೋ ಎಂದ ಅಕ್ಕೋರು

ಮೊನ್ನೆ ನಮ್ಮ ಹೈಸ್ಕೂಲಿನ ಜವಾನ ಗೋಡೆಗೆ ಚಾರ್ಟು ಅಂಟಿಸಲು ಮೈದಾ ಹಿಟ್ಟು ಕುದಿಸಿ ತಂದಿದ್ದ. ಹತ್ತನೇ ತರಗತಿಯ ನಂತರ ಯಾವ ಯಾವ ದಾರಿಗಳಿವೆ ಎಂದು ತೋರಿಸುವ, ಇಲಾಖೆಯಿಂದ ಬಂದ ದೊಡ್ಡ ಚಾರ್ಟು. ಸ್ವಲ್ಪ ಹುಳಿಗೆ ತಿರುಗಿದ ಆ ಅಂಟಿನ ವಾಸನೆ ಸ್ಟಾಫ್ ರೂಮಿನವರೆಗೂ ಬಂತು. ನಾನು ತಿದ್ದುತ್ತಿದ್ದ ಉತ್ತರಪತ್ರಿಕೆ ಹಾಗೇ ಉಳಿಯಿತು…

ನಾನು ಓದುತ್ತಿದ್ದಾಗ ನಮ್ಮ ಹಿಂದಿ ಅಕ್ಕೋರ ಕೈಗೆ ಸದಾ ಇದೇ ವಾಸನೆ ಇರುತ್ತಿತ್ತು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರೆಂದೇ ಹೇಳುವುದು. ಎರಡು ಸಾವಿರದ ನಂತರದ ವರ್ಷಗಳು ಅವು. ನಾನು ಮಾಜಾಳಿಯ ಕಡೆಯ ಹೈಸ್ಕೂಲಿನಲ್ಲಿ ಹತ್ತನೇ ತರಗತಿಯಲ್ಲಿದ್ದೆ. ಅಕ್ಕೋರು ಅಂಕೋಲೆಯಿಂದ ಬರುತ್ತಿದ್ದರು. ಕಾರವಾರದಲ್ಲಿ ಬಸ್ಸು ಬದಲಿಸಬೇಕು, ಸಂಜೆ ಮತ್ತೆ ಹಾಗೆಯೇ ಹಿಂದಿರುಗಬೇಕು. ಮಕ್ಕಳಿಗೆ ಮುಂದಿನ ಓದಿನ ಬಗ್ಗೆ ತಿಳಿಸಲು ಒಬ್ಬರು ಬೇಕೆಂದು ಸುತ್ತೋಲೆ ಬಂದಾಗ ಯಾರೂ ಒಪ್ಪಲಿಲ್ಲವಂತೆ. ಪಿರಿಯಡ್ಡು ಕಡಿಮೆ ಇದೆಯೆಂದು ಮುಖ್ಯ ಮಾಸ್ತರರು ಅದನ್ನು ಅವರ ತಲೆಗೆ ಕಟ್ಟಿದರು. ಶುಕ್ರವಾರದ ಕೊನೆಯ ಪಿರಿಯಡ್ಡು.

ಅವರಿಗೂ ಅದರ ಬಗ್ಗೆ ಹೆಚ್ಚೇನೂ ಗೊತ್ತಿರಲಿಲ್ಲ ಎಂದು ಈಗ ಅನಿಸುತ್ತದೆ. ಪೇಪರಿನಲ್ಲಿ ಬಂದದ್ದನ್ನು ಕತ್ತರಿಸಿ, ಹಳೇ ಕ್ಯಾಲೆಂಡರಿನ ಹಿಂಬದಿಗೆ ಅಂಟಿಸಿ ತರುತ್ತಿದ್ದರು. ಅಂಟನ್ನು ಮನೆಯಲ್ಲೇ ಕುದಿಸಿ ಕಾಫಿಪುಡಿಯ ಬಾಟಲಿಯಲ್ಲಿ ತುಂಬಿಕೊಂಡು ಬರುತ್ತಿದ್ದರು. ಪ್ಯಾರಾಮೆಡಿಕಲ್, ಹೋಟೆಲ್ ಮ್ಯಾನೇಜ್‌ಮೆಂಟ್, ಫಿಶರೀಸ್ ಕಾಲೇಜು… ನಾವು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಇದು ಕಾರವಾರದಲ್ಲಿ ಉಂಟಾ ಎಂದು. ಹೆಚ್ಚಿನವು ಇರಲಿಲ್ಲ.

ನನ್ನ ಅಪ್ಪ ಬೋಟಿಗೆ ಹೋಗುತ್ತಿದ್ದ, ಆಯಿ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದಳು. ಪರೀಕ್ಷೆ ಮುಗಿದರೆ ಚಿಕ್ಕಮ್ಮನ ಮಗಳ ಜೊತೆ ನನ್ನನ್ನು ಗೋವೆಯ ಮೀನಿನ ಫ್ಯಾಕ್ಟರಿಗೆ ಕಳಿಸುವುದೆಂದು ಮನೆಯಲ್ಲಿ ಮಾತಾಗಿತ್ತು. ಆದರೆ ವಿಜ್ಞಾನದಲ್ಲಿ ನನಗೆ ಇಡೀ ಶಾಲೆಗೇ ಹೆಚ್ಚು ಅಂಕ ಬಂತು. ಅಕ್ಕೋರು ಮನೆಗೇ ಬಂದರು.

“ಸೈನ್ಸ್ ತಗೋ. ನರ್ಸಿಂಗಿಗೂ ಹೋಗೂಕೆ ಬರ್ತದೆ, ಲ್ಯಾಬಿಗೂ ಹೋಗೂಕೆ ಬರ್ತದೆ,” ಎಂದು ನನಗೆ ಹೇಳಿ, ಆಯಿಯ ಕಡೆ ತಿರುಗಿ, “ಇದೊಂದು ನನ್ನ ಮಾತು ಕೇಳಿ,” ಎಂದರು.

ಆಯಿ ಕೇಳಿದಳು. ನನಗೆ ಇಷ್ಟವಿದ್ದದ್ದು ಇತಿಹಾಸ. ಅದನ್ನು ನಾನೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಕಾರವಾರದ ಕಾಲೇಜಿನಲ್ಲಿ ಎಲ್ಲವೂ ಇಂಗ್ಲಿಷು. ಘರ್ಷಣೆ ಎಂದರೆ ನನಗೆ ಗೊತ್ತಿತ್ತು, ಫ್ರಿಕ್ಷನ್ ಎಂದರೆ ಅದೇ ಎಂದು ತಿಳಿಯಲು ಒಂದು ವಾರ ಬೇಕಾಯಿತು. ಅಷ್ಟರಲ್ಲಿ ಪಾಠ ಎಲ್ಲೋ ಹೋಗಿರುತ್ತಿತ್ತು. ವರ್ಷದ ಕೊನೆಗೆ ಫಿಸಿಕ್ಸಿನಲ್ಲೂ ಗಣಿತದಲ್ಲೂ ಫೇಲಾದೆ. ಆಯಿ ಏನೂ ಬಯ್ಯಲಿಲ್ಲ. ಚಿಕ್ಕಮ್ಮನ ಮಗಳು ಗೋವೆಯಿಂದ ಬಂದಾಗ, ಇವಳಿಗೂ ಜಾಗ ಉಂಟಾ ಕೇಳು ಎಂದಳು, ಅಷ್ಟೇ.

ಮೇ ತಿಂಗಳ ಒಂದು ಮಧ್ಯಾಹ್ನ ಅಕ್ಕೋರು ಕೊಡೆ ಹಿಡಿದು ಬಂದರು. ರಜೆಯಲ್ಲಿದ್ದವರು, ಯಾರಿಂದಲೋ ಸುದ್ದಿ ತಿಳಿದು ಎರಡು ಬಸ್ಸು ಹಿಡಿದು ಬಂದಿದ್ದರು. ನಾನು ಅಂಗಳದಲ್ಲಿ ಒಣಮೀನು ತಿರುವಿ ಹಾಕುತ್ತಿದ್ದೆ. ಅವರು ಒಳಗೆ ಬರದೆ ಜಗಲಿಯ ತುದಿಯಲ್ಲೇ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡು, ಆಯಿ ತಂದಿಟ್ಟ ಚಾ ಪಕ್ಕಕ್ಕೆ ಸರಿಸಿದರು.

“ತಪ್ಪು ನಂದು,” ಎಂದರು ಆಮೇಲೆ. “ನಿನ್ನ ಮಾರ್ಕ್ಸ್ ನೋಡ್ದೆ, ನಿನ್ನ ನೋಡ್ಲಿಲ್ಲ. ಇಂಗ್ಲಿಷಲ್ಲಿ ಕಷ್ಟ ಆಗ್ತದೆ ಅಂತ ಗೊತ್ತಿತ್ತು ನಂಗೆ. ಹೇಳಿದ್ರೆ ನೀನು ಹೆದರ್ತೆ ಅಂತ ಹೇಳ್ಲಿಲ್ಲ.”

ನಾನು ತಲೆ ಎತ್ತಲಿಲ್ಲ. ಒಂದೊಂದೇ ಮೀನನ್ನು ತಿರುವುತ್ತಲೇ ಇದ್ದೆ. ದೊಡ್ಡವರೊಬ್ಬರು, ಅದೂ ಅಕ್ಕೋರು, ನನ್ನೆದುರು ತಪ್ಪೊಪ್ಪಿಕೊಂಡದ್ದು ಜೀವನದಲ್ಲಿ ಅದೇ ಮೊದಲು. ಅದು ಎಷ್ಟು ದೊಡ್ಡದೆಂದು ತಿಳಿಯುವ ವಯಸ್ಸಲ್ಲ, ನನಗೆ ಸಿಟ್ಟು ಮಾತ್ರ ಇತ್ತು. ಕೊನೆಗೆ ಆಯಿಯೇ, “ಚಾ ಆರ್ತದೆ ಅಕ್ಕೋರೆ, ಕುಡೀರಿ,” ಎಂದಳು.

ಕಾಲೇಜು ತೆರೆದ ವಾರ ಮತ್ತೆ ಬಂದರು. ಅಂದು ರಜೆ ಹಾಕಿದ್ದರು. ನನ್ನನ್ನು ಕರೆದುಕೊಂಡು ಹೋಗಿ, ಆಫೀಸಿನ ಕಿಟಕಿಯ ಮುಂದೆ ಸರದಿಯಲ್ಲಿ ತಾವೇ ನಿಂತು, ಆರ್ಟ್ಸಿನ ಮೊದಲ ವರ್ಷಕ್ಕೆ ಹೆಸರು ಬರೆಸಿದರು. ಸಂಜೆ ಅವರ ದಾರಿ ದಕ್ಷಿಣಕ್ಕೆ, ನನ್ನದು ಉತ್ತರಕ್ಕೆ. ಆದರೂ ಆಯಿಗೆ ತಾವೇ ಹೇಳಬೇಕೆಂದು ನನ್ನ ಜೊತೆ ಮಾಜಾಳಿ ಬಸ್ಸು ಹತ್ತಿದರು. ಕಾಳಿ ಸೇತುವೆ ಬರುವಷ್ಟರಲ್ಲಿ ಕಿಟಕಿಯ ಸರಳಿಗೆ ತಲೆ ಆನಿಸಿ ನಿದ್ದೆ ಹೋಗಿದ್ದರು. ಬಾಯಿ ತುಸು ತೆರೆದಿತ್ತು. ಹಿಮ್ಮಡಿ ಒಡೆದಿತ್ತು. ಅವರಿಗೂ ದಣಿವಾಗುತ್ತದೆ ಎಂದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ… ಚಿತ್ತಾಕುಲ ದಾಟಿ ನಮ್ಮೂರು ಹತ್ತಿರವಾದ ಮೇಲೆ ಎಬ್ಬಿಸಿದೆ.

ಆ ವರ್ಷದಿಂದ ಅವರು ಕಲಿಸುವ ರೀತಿ ಬದಲಾಯಿತೆಂದು ಹೈಸ್ಕೂಲಿಗೆ ಹೋಗುತ್ತಿದ್ದ ತಂಗಿ ಹೇಳುತ್ತಿದ್ದಳು. ಇದು ತಗೋ, ಅದು ತಗೋ ಎಂದು ಹೇಳುವುದನ್ನು ಬಿಟ್ಟರಂತೆ. ಹಳೆಯ ವಿದ್ಯಾರ್ಥಿಗಳನ್ನು ಕರೆಸಿ ಮಾತಾಡಿಸುತ್ತಿದ್ದರಂತೆ. ಪಾಸಾದವರು, ನಡುವೆ ಬಿಟ್ಟವರು, ಎಲ್ಲರನ್ನೂ. ನನಗೂ ಹೇಳಿ ಕಳಿಸಿದ್ದರು, ಒಂದು ಶುಕ್ರವಾರ ಬಂದು ಫೇಲಾದದ್ದು ಹೇಗೆಂದು ಹೇಳಿ ಹೋಗಲಿ ಎಂದು. ಎರಡು ಸಲ ಹೇಳಿ ಕಳಿಸಿದರು. ನಾಚಿಕೆಯಾಗಿ ನಾನು ಹೋಗಲಿಲ್ಲ.

ಆಮೇಲೆ ಅವರಿಗೆ ಸುಂಕಸಾಳದ ಕಡೆಯ ಶಾಲೆಗೆ ವರ್ಗವಾಯಿತು. ನಾನು ಬಿ.ಎ. ಮುಗಿಸಿ, ಬಿ.ಎಡ್. ಮಾಡಿ, ಇತಿಹಾಸ ಕಲಿಸುವ ನೌಕರಿ ಹಿಡಿದೆ. ಅಂಕೋಲೆಯ ಮೇಲೆ ಎಷ್ಟು ಸಲ ಹೋಗಿಬಂದೆನೋ, ಇಳಿಯಲಿಲ್ಲ. ಎರಡು ವರ್ಷದ ಹಿಂದೆ ಕಾರವಾರದಲ್ಲಿ ನಡೆದ ಶಿಕ್ಷಕರ ತರಬೇತಿಯಲ್ಲಿ, ಊಟದ ಸರದಿಯಲ್ಲಿ ನಿಂತಾಗ ಒಬ್ಬರು ಹೇಳಿದರು, ಅಕ್ಕೋರು ತೀರಿಕೊಂಡು ಆರು ತಿಂಗಳಾಯಿತೆಂದು. ಕೈಯಲ್ಲಿದ್ದ ತಟ್ಟೆಗೆ ಅನ್ನ ಬಡಿಸುತ್ತಿದ್ದರು. ನಾನು ಊಟ ಮಾಡಿ, ಮಧ್ಯಾಹ್ನದ ಗೋಷ್ಠಿಗೂ ಕೂತೆ.

ಈಗ ಮಕ್ಕಳಿಗೆ ಮುಂದಿನ ಓದಿನ ಬಗ್ಗೆ ತಿಳಿಸುವ ಆ ಕೆಲಸ ನನ್ನ ಪಾಲಿಗೆ ಬಂದಿದೆ. ನಮ್ಮಲ್ಲೂ ಯಾರೂ ಒಪ್ಪಲಿಲ್ಲ. ನಿನ್ನೆ, ಚಾರ್ಟಿನ ಮುಂದೆ ನಿಂತು ಏನು ಹೇಳಬೇಕೆಂದು ತೋಚದೆ, ನಾನು ಫೇಲಾದ ಕತೆಯನ್ನೇ ಹತ್ತನೇ ತರಗತಿಯ ಮಕ್ಕಳಿಗೆ ಹೇಳಿದೆ. ಅಕ್ಕೋರು ಜಗಲಿಯಲ್ಲಿ ಕೂತು ಹೇಳಿದ್ದನ್ನೂ ಹೇಳಿದೆ. ಕಿಟಕಿಯ ಬಳಿಯ ಒಬ್ಬಳು ಎದ್ದು ನಿಂತು ಕೇಳಿದಳು.

“ಆಮೇಲೆ ನೀವು ಅವರಿಗೆ ಎಂತ ಹೇಳಿದ್ರಿ ಅಕ್ಕೋರೆ?”

ಏನೂ ಹೇಳಲಿಲ್ಲ ಎಂದೆ.