ಅಣ್ಣ ಹಾಕಿದ ಸೀಲು

ಆ ಗಾರ್ಮೆಂಟ್ಸ್ ಫ್ಯಾಕ್ಟರಿಯ ಮೂರನೇ ಮಹಡಿಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಣ್ಣೆಕ್ಕ ಅಂದರೆ ಮುಗಿಯಿತು. ಅರವತ್ತು ಹೊಲಿಗೆ ಯಂತ್ರಗಳಿಗೆ ಅವಳೊಬ್ಬಳೇ ಮೆಕ್ಯಾನಿಕ್. ದಾರ ಕಿತ್ತುಹೋದರೆ, ಹೊಲಿಗೆ ತಪ್ಪಿದರೆ, ಸೂಜಿ ಮುರಿದರೆ ಆ ಮೂಲೆಯಿಂದ ಒಂದು ‘ಎಣ್ಣೆಕ್ಕಾ’, ಈ ಮೂಲೆಯಿಂದ ಒಂದು ‘ಎಣ್ಣೆಕ್ಕಾ’. ಅವಳು ಬಂದವಳೇ ಓಡುತ್ತಿರುವ ಯಂತ್ರದ ನೆತ್ತಿಯ ಮೇಲೆ ಅಂಗೈ ಇಡುತ್ತಿದ್ದಳು. ಎರಡೇ ಕ್ಷಣ. ಆಮೇಲೆ “ಇದರ ಹುಕ್ ಸವೆದಿದೆ” ಎನ್ನುವಳು, “ಇದಕ್ಕೆ ಎಣ್ಣೆ ಹೋಗ್ತಿಲ್ಲ” ಎನ್ನುವಳು, ಇಲ್ಲವೇ “ಇದಕ್ಕೇನೂ ಆಗಿಲ್ಲ, ನೀನೇ ಬೆಳಿಗ್ಗೆ ಗಂಡನ ಹತ್ರ ಜಗಳ ಆಡ್ಕೊಂಡು ಬಂದಿದೀಯ” ಎನ್ನುವಳು. ಆ ಕೊನೆಯದೂ ಸಾಮಾನ್ಯವಾಗಿ ನಿಜವೇ ಆಗಿರುತ್ತಿತ್ತು. ಹದಿನೈದು ವರ್ಷದಲ್ಲಿ ಆ ಕೈ ಸುಳ್ಳು ಹೇಳಿದ್ದಿಲ್ಲ.

ಇಂಥವಳು ಮೂವತ್ತೈದರ ವಯಸ್ಸಿನಲ್ಲಿ ಕಾರ್ಟ್ ರೇಸಿನ ಹುಚ್ಚು ಹಿಡಿಸಿಕೊಂಡದ್ದಕ್ಕೆ ಕಾರಣ ಅವಳ ಅಣ್ಣ. ಊರಾಚೆಯ ಕಾರ್ಟ್ ಟ್ರ್ಯಾಕಿನಲ್ಲಿ ಅವನೇ ಇಂಜಿನ್ ಮೇಸ್ತ್ರಿ. ತಾನೂ ಹದಿನಾಲ್ಕು ವರ್ಷ ಓಡಿಸಿ, ಒಂದೆರಡು ಕಪ್ ಗೆದ್ದು, ಅವನ್ನು ಮನೆಯ ಟಿವಿಯ ಮೇಲೆ ಸಾಲಾಗಿ ಇಟ್ಟುಕೊಂಡವನು. ಅಪ್ಪ ಹೋದ ಮೇಲೆ ತಂಗಿಗೆ ಅಪ್ಪನೂ ಅವನೇ. ಅವಳ ಕೈಗೆ ಮೊದಲು ಸ್ಪ್ಯಾನರ್ ಕೊಟ್ಟವನೂ ಅವನೇ. ಒಂದು ಭಾನುವಾರ ಅವನಿಗೆ ಊಟದ ಡಬ್ಬಿ ಕೊಡಲು ಹೋದವಳು, ಸುಮ್ಮನೆ ನಿಂತಿದ್ದ ಅವನ ಕಾರ್ಟ್ ನೋಡಿ “ಒಂದು ಸುತ್ತು ಹೋಗಿ ಬರ್ಲಾ?” ಎಂದಳು. ಅವನೂ “ಹೋಗು, ಗೋಡೆಗೆ ಗುದ್ದಬೇಡ” ಎಂದ.

ಕಾರ್ಟಿಗೆ ಬಾಗಿಲಿಲ್ಲ, ಚಾವಣಿಯಿಲ್ಲ, ಸ್ಪ್ರಿಂಗೂ ಇಲ್ಲ. ಕೊಳವೆಗಳ ಚೌಕಟ್ಟು, ನಾಲ್ಕು ಪುಟ್ಟ ಚಕ್ರ, ಪಕ್ಕದಲ್ಲೊಂದು ಇಂಜಿನ್. ಕೂತರೆ ಕುಂಡಿಗೂ ನೆಲಕ್ಕೂ ಮೂರು ಬೆರಳ ಅಂತರ. ಒಂದು ಸುತ್ತು ಎಂದು ಹೋದವಳು ಎಂಟು ಸುತ್ತು ಹಾಕಿದಳು. ಹೆಲ್ಮೆಟ್ ತೆಗೆದರೆ ಮುಖದ ತುಂಬ ನಗು. ಅಣ್ಣ ಸ್ಟಾಪ್‌ವಾಚನ್ನೇ ನೋಡುತ್ತ ನಿಂತಿದ್ದ.

“ಎಷ್ಟು ಬಂತಣ್ಣಾ?”

“ಇದ್ಯಾಕೋ ಸರಿಯಾಗಿ ಓಡ್ತಿಲ್ಲ. ಬಿಡು” ಎಂದು ಅವನು ಅದನ್ನು ಜೇಬಿಗೆ ಹಾಕಿಕೊಂಡ.

ನನಗೂ ಒಂದು ಕಾರ್ಟ್ ಬೇಕು ಎಂದು ಅವಳು ಮನೆಯಲ್ಲಿ ಹಟ ಹಿಡಿದಳು. ಗಂಡ ಬಸ್ ಕಂಡಕ್ಟರ್. “ದಿನವಿಡೀ ರೈಟ್ ರೈಟ್ ಅನ್ನೋದು ನಾನು, ಓಡೋದು ನೀನಾ?” ಎಂದು ನಕ್ಕು ಒಪ್ಪಿದ. ಅಣ್ಣನೇ ನಾಲ್ಕು ಕಡೆ ತಿರುಗಿ ಸೆಕೆಂಡ್ ಹ್ಯಾಂಡ್ ಕಾರ್ಟೊಂದನ್ನು ಹುಡುಕಿ ತಂದ. ಮೆಟ್ಟಿಲ ಕೆಳಗಿನ ಜಾಗದಲ್ಲಿ ಅದನ್ನಿಟ್ಟುಕೊಂಡು ಅವಳು ಒಂದು ತಿಂಗಳು ಬೇರೆ ಲೋಕವನ್ನೇ ನೋಡಲಿಲ್ಲ. ಚೌಕಟ್ಟನ್ನು ಉಜ್ಜಿ ಬಣ್ಣ ಹೊಡೆದಳು. ಬ್ರೇಕಿನ ಹಳೇ ಎಣ್ಣೆ ಚೆಲ್ಲಿ ಹೊಸದು ತುಂಬಿದಳು. ಸೀಟು ಅಗಲವಾಯಿತೆಂದು ಫ್ಯಾಕ್ಟರಿಯ ಹುಡುಗಿಯರ ಕೈಯಲ್ಲಿ ಸ್ಪಂಜಿನ ದಿಂಬು ಹೊಲಿಸಿಕೊಂಡಳು. ಕಾರ್ಟಿನಲ್ಲಿ ಅವಳು ಬಿಚ್ಚದೆ ಬಿಟ್ಟದ್ದು ಇಂಜಿನ್ ಒಂದೇ.

ಅದು ಅಲ್ಲಿನ ಪದ್ಧತಿ. ಇಂಜಿನ್ ಜೋಡಿಸಿದ ಮೇಸ್ತ್ರಿ ಅದರ ಬೋಲ್ಟುಗಳಿಗೆ ತಂತಿ ಪೋಣಿಸಿ, ತುದಿಗೆ ಸೀಸದ ಗುಂಡು ಒತ್ತಿ ತನ್ನ ಮುದ್ರೆ ಹಾಕುತ್ತಾನೆ. ಒಳಗೆ ಕಳ್ಳಾಟವಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ. ಸೀಲು ಒಡೆದ ಇಂಜಿನ್ ಟ್ರ್ಯಾಕಿಗೆ ಇಳಿಯುವಂತಿಲ್ಲ. ಅವಳ ಇಂಜಿನ್ ಜೋಡಿಸಿದ್ದು ಅಣ್ಣ, ಸೀಲು ಅಣ್ಣನದು. ‘ಇಂಜಿನ್ನಿನ ಒಳಗೇನಿದೆಯೆಂದು ನನಗೆ ತಿಳಿದಿದೆ’ ಎಂಬ ಅರ್ಜಿಯ ಸಾಲಿನ ಕೆಳಗೆ ಅವಳು ಕಣ್ಣುಮುಚ್ಚಿ ಸಹಿ ಹಾಕಿದಳು. ಒಡಹುಟ್ಟಿದವನ ಕೈಕೆಲಸವನ್ನು ಬಿಚ್ಚಿ ನೋಡುವವರುಂಟೇ?

ಹೊಸಬರಿಗೆ ಅಲ್ಲಿ ಒಂದು ವರ್ಷದ ಗಡುವು. ವರ್ಷದಲ್ಲಿ ನಾಲ್ಕು ಪರೀಕ್ಷೆ. ಯಾವುದಾದರೂ ಒಂದರಲ್ಲಿ ಐವತ್ತೆರಡು ಸೆಕೆಂಡಿನೊಳಗೆ ಒಂದು ಸುತ್ತು ಮುಗಿಸಿದರೆ ರೇಸಿನ ಕಾರ್ಡು ಕೈಗೆ. ಇಲ್ಲವೋ, ಮತ್ತೆ ಅರ್ಜಿ ಹಾಕಬೇಕು. ಆದರೆ ಮೂವತ್ತೈದು ದಾಟಿದವರ ಅರ್ಜಿ ತೆಗೆದುಕೊಳ್ಳುತ್ತಿರಲಿಲ್ಲ. ಎಣ್ಣೆಕ್ಕನಿಗೆ ಇದ್ದದ್ದು ಆ ನಾಲ್ಕೇ ಅವಕಾಶ.

ಮೊದಲನೆಯದರಲ್ಲಿ ಐವತ್ತಮೂರು ಮುಕ್ಕಾಲು ಬಂತು. ಎರಡನೆಯದರಲ್ಲೂ ಅಷ್ಟೇ. ತಿರುವುಗಳಲ್ಲಿ ಅವಳು ಯಾರಿಗೂ ಕಮ್ಮಿಯಿರಲಿಲ್ಲ. ನೇರ ದಾರಿ ಬಂತೋ, ನಿನ್ನೆ ಮೊನ್ನೆ ಕಲಿತವರೂ ಅವಳನ್ನು ದಾಟಿ ಹೋಗುತ್ತಿದ್ದರು. ಒಂದು ದಿನ ಅವಳು ಓಡುತ್ತಿದ್ದ ಇಂಜಿನ್ನಿನ ಮೇಲೆ ಎಂದಿನಂತೆ ಅಂಗೈ ಇಟ್ಟಳು.

“ಅಣ್ಣಾ, ಇದಕ್ಕೆ ಉಸಿರು ಸಾಲ್ತಿಲ್ಲ.”

ಅಣ್ಣ ನಕ್ಕ. “ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಇದೇನು ಹೊಲಿಗೆ ಮಷಿನ್ನಾ ನೀನು ಮುಟ್ಟಿ ನೋಡಿ ಹೇಳೋಕೆ? ಇಂಜಿನ್ ಸರಿಯಾಗಿದೆ ಕಣೆ. ತಿರುವಿಂದ ಹೊರಗೆ ಬರುವಾಗ ನೀನು ತಡ ಮಾಡ್ತೀಯ, ಅದಕ್ಕೇ ನೇರ ದಾರೀಲಿ ವೇಗ ಬರಲ್ಲ. ನಿನ್ನ ಕೈ ಭಾರ.”

ಹೌದೇನೋ ಎಂದುಕೊಂಡಳು. ಅಣ್ಣ ಹೇಳಿದ ಮೇಲೆ ಮುಗಿಯಿತಲ್ಲ! ಸ್ಟಿಯರಿಂಗ್ ಹಗುರವಾಗಿ ಹಿಡಿಯುವುದನ್ನು ಕಲಿತಳು. ಊಟ ಬಿಟ್ಟು ನಾಲ್ಕು ಕಿಲೋ ಇಳಿದಳು. ಎಲ್ಲಿ ಬ್ರೇಕ್ ಒತ್ತಬೇಕು, ಎಲ್ಲಿ ಬಿಡಬೇಕು ಎನ್ನುವುದನ್ನು ಕಾಲಿಗೆ ಬಾಯಿಪಾಠ ಮಾಡಿಸಿದಳು. ಮೂರನೇ ಪರೀಕ್ಷೆಯಲ್ಲಿ ಐವತ್ತಮೂರೂವರೆ ಬಂತು. ಅವತ್ತು ಶೆಡ್ಡಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಣ್ಣ ಚಹಾ ತಂದುಕೊಟ್ಟು ಬೆನ್ನು ಸವರಿದ. “ಎಲ್ಲರಿಗೂ ಎಲ್ಲಾ ಬರಲ್ಲಮ್ಮಾ. ಬೇಜಾರು ಮಾಡ್ಕೋಬೇಡ, ನಾನಿದೀನಲ್ಲ” ಎಂದ. ಅವಳು ಅವನ ಭುಜಕ್ಕೆ ಹಣೆ ಒತ್ತಿ ಸಮಾಧಾನ ಮಾಡಿಕೊಂಡಳು.

ಫ್ಯಾಕ್ಟರಿಯಲ್ಲೂ ಏನೋ ಬದಲಾಯಿತು. ಯಂತ್ರ ಮುಟ್ಟಿ ಒಂದು ಮಾತು ಹೇಳುವಳು, ಮರುಕ್ಷಣವೇ ತನ್ನ ಮಾತಿನ ಮೇಲೆ ತನಗೇ ಅನುಮಾನ. ಒಂದೇ ಯಂತ್ರವನ್ನು ಮೂರು ಸಲ ಬಿಚ್ಚಿ ಮೂರು ಸಲ ಜೋಡಿಸಿದ್ದೂ ಉಂಟು. “ಎಣ್ಣೆಕ್ಕಂಗೆ ಕನ್ನಡಕ ಬೇಕು” ಎಂದು ಹುಡುಗಿಯರು ಛೇಡಿಸಿದರು. ಅವಳೂ ನಕ್ಕಳು, ಆದರೆ ಮೊದಲಿನ ನಗು ಅದಲ್ಲ.

ಕೊನೆಯ ಪರೀಕ್ಷೆಯ ದಿನ ಟ್ರ್ಯಾಕಿಗೆ ಹೊಸ ಇನ್‌ಸ್ಪೆಕ್ಟರ್ ಬಂದಿದ್ದರು, ಒಬ್ಬ ಮೇಡಂ. ಹಳಬರು ಮೇಸ್ತ್ರಿಯ ಮುದ್ರೆ ನೋಡಿ ತಲೆಯಾಡಿಸಿ ಕಳಿಸುತ್ತಿದ್ದವರು. ಈಯಮ್ಮ ಹಾಗಲ್ಲ. “ಕೊನೇ ಪರೀಕ್ಷೆ ಅಲ್ವಾ, ಎಲ್ಲಾ ಇಂಜಿನ್ನೂ ತೆರೆದು ನೋಡ್ತೀನಿ. ಆಮೇಲೆ ನಾನೇ ಸೀಲ್ ಹಾಕ್ತೀನಿ” ಎಂದರು.

“ಅದೆಲ್ಲಾ ಯಾಕೆ ಮೇಡಂ, ನನ್ನ ತಂಗೀದೇ ಗಾಡಿ” ಎಂದ ಅಣ್ಣ.

“ಹಾಗಾದ್ರೆ ಇನ್ನೂ ಒಳ್ಳೇದು” ಎಂದು ಅವರು ತಂತಿ ಕತ್ತರಿಸಿದರು.

ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಕಳಚಿದರು. ಅದಕ್ಕೂ ಇಂಜಿನ್ನಿಗೂ ನಡುವೆ ಒಂದು ತೆಳು ತಗಡು ಕೂತಿತ್ತು, ನಟ್ಟನಡುವೆ ಕಡಲೆಕಾಳು ತೂರುವಷ್ಟು ತೂತು. ಮೇಡಂ ಅದನ್ನು ಬೆಳಕಿಗೆ ಹಿಡಿದು ನೋಡಿದರು.

“ಇದು ಚಿಕ್ಕ ಮಕ್ಕಳ ಗಾಡಿಗೆ ಹಾಕೋ ಪ್ಲೇಟಮ್ಮಾ. ಇಂಜಿನ್ನಿಗೆ ಜಾಸ್ತಿ ಗಾಳಿ ಹೋಗ್ದೇ ಇರ್ಲಿ, ಮಕ್ಕಳು ಜೋರಾಗಿ ಓಡಿಸ್ದೇ ಇರ್ಲಿ ಅಂತ ಹಾಕ್ತಾರೆ. ನಿಮ್ಮ ಗಾಡೀಲಿ ಯಾಕಿದೆ?”

ಎಣ್ಣೆಕ್ಕ ತಗಡನ್ನು ನೋಡಿದಳು. ಆಮೇಲೆ ಅಣ್ಣನನ್ನು ನೋಡಿದಳು. ಅವನು ಬೂಟಿನ ಲೇಸು ಕಟ್ಟಲು ಬಗ್ಗಿದ. ಲೇಸು ಬಿಚ್ಚಿರಲೇ ಇಲ್ಲ.

ಬೇಲಿಯೇ ಎದ್ದು ಹೊಲ ಮೇಯಿತು ಎನ್ನುವುದನ್ನು ಅವಳು ಜನರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದಳು. ಅವತ್ತು ಅದು ಎದೆಯಲ್ಲಿ ಉರಿಯಿತು. ಅವನನ್ನು ಶೆಡ್ಡಿನ ಹಿಂದಕ್ಕೆ, ಹಳೇ ಟೈರುಗಳ ರಾಶಿಯ ಹತ್ತಿರ ಕರೆದುಕೊಂಡು ಹೋದಳು.

“ನೀನೇ ಹಾಕಿದ್ದಾ?”

“ನಿನ್ನ ಒಳ್ಳೇದಕ್ಕೇ ಕಣೆ. ಸಂಸಾರಸ್ಥೆ ನೀನು. ಏನಾದ್ರೂ ಆದ್ರೆ ಭಾವನಿಗೆ ಏನಂತ ಹೇಳ್ಲಿ? ನಂಗೆ ಭಯ ಆಯ್ತು.”

“ಯಾವ ಭಯ ಅಣ್ಣಾ? ನಾನು ಬೀಳ್ತೀನಿ ಅಂತಾನಾ, ಗೆಲ್ತೀನಿ ಅಂತಾನಾ? ಮೊದಲ್ನೇ ದಿನ ನಿನ್ನ ಗಾಡೀಲಿ ಎಷ್ಟು ಬಂದಿತ್ತು? ಈಗಾದ್ರೂ ಹೇಳು.”

ಅಣ್ಣ ಟೈರುಗಳ ಕಡೆ ನೋಡಿದ. “ನಲವತ್ತೊಂಬತ್ತು ಚಿಲ್ಲರೆ” ಎಂದ ಕೊನೆಗೆ. “ಹದಿನಾಲ್ಕು ವರ್ಷದಲ್ಲಿ ನಂಗೆ ಒಂದು ಸಲಾನೂ ಬಂದಿರ್ಲಿಲ್ಲ.”

ಥೂ! “ಬೇಡ ಅಂದಿದ್ರೆ ನಿನ್ನ ಹತ್ರ ಜಗಳ ಆಡ್ತಿದ್ದೆ. ನೀನು ಬೇಡ ಅನ್ಲಿಲ್ಲ. ನನ್ನ ಕೈಯೇ ಸರಿಯಿಲ್ಲ ಅಂತ ನಂಗೇ ನಂಬಿಸ್ದೆ. ಅತ್ತಾಗ ಚಹಾ ಬೇರೆ ಕೊಟ್ಯಲ್ಲೋ!” ಎಂದಳು. ಅಷ್ಟು ಹೊತ್ತಿಗೆ ಮೇಡಂ ಕರೆದರು.

ಪ್ಲೇಟು ತೆಗೆದು, ಹೊಸ ಸೀಲು ಹಾಕಿ, ಮೂರು ಸುತ್ತು ಕೊಟ್ಟರು. ಎಣ್ಣೆಕ್ಕ ಹೆಲ್ಮೆಟ್ ಬಿಗಿದು ಹೊರಟಳು. ಆಕ್ಸಲರೇಟರ್ ಒತ್ತಿದ್ದೇ ತಡ, ಕಾರ್ಟ್ ಅವಳ ಬೆನ್ನನ್ನು ಸೀಟಿಗೆ ಒತ್ತಿ ಹಾರಿತು. ಇದು ಅವಳ ಗಾಡಿಯೇ ಅಲ್ಲ. ನೇರ ದಾರಿಯ ಕೊನೆಯಲ್ಲಿ ಕಾಲು ತನ್ನಷ್ಟಕ್ಕೆ ಎಂದಿನ ಜಾಗದಲ್ಲೇ ಬ್ರೇಕ್ ಒತ್ತಿತು. ಆ ಜಾಗ ಈ ವೇಗಕ್ಕೆ ತೀರಾ ತಡ. ಕಾರ್ಟ್ ಬುಗುರಿಯಂತೆ ತಿರುಗಿ ಹುಲ್ಲಿಗೆ ಹೋಯಿತು. ಒಂದು ಸುತ್ತು ದಂಡವಾಯಿತು. ಎರಡನೆಯದರಲ್ಲಿ ಹೆದರಿ ಬಹಳ ಮೊದಲೇ ಒತ್ತಿದಳು. ಒಂದು ವರ್ಷ ಬೆವರು ಸುರಿಸಿ ಕಲಿತದ್ದೆಲ್ಲ ಆ ಚಿಕ್ಕ ತೂತಿಗೆ ತಕ್ಕಂತೆ ಕಲಿತದ್ದು. ಒಂದೊಂದು ತಿರುವಿನಲ್ಲೂ ಅದು ಅವಳ ಕಾಲು ಹಿಡಿದು ಎಳೆಯಿತು. ಮೂರನೇ ಸುತ್ತಿನಲ್ಲಿ ಕಲಿತದ್ದನ್ನೆಲ್ಲ ಬದಿಗೊತ್ತಿ ಓಡಿಸಿದಳು. ಎರಡು ತಿರುವು ಚೆನ್ನಾಗಿ ಬಂತು, ಕೊನೆಯದರಲ್ಲಿ ಗಾಡಿ ಸ್ವಲ್ಪ ಹೊರಕ್ಕೆ ಸರಿಯಿತು.

ಬೋರ್ಡಿನ ಮೇಲೆ ಐವತ್ತೆರಡು ಪಾಯಿಂಟ್ ಎರಡು ಎಂದು ಬಿತ್ತು.

ಮೇಡಂ ಅರ್ಜಿಯನ್ನು ಎರಡು ಸಲ ತಿರುವಿ ಹಾಕಿದರು. “ಮೇಸ್ತ್ರಿ ಮೇಲೆ ರಿಪೋರ್ಟ್ ಬರೀತೀನಿ, ಇನ್ಮೇಲೆ ಅವರು ಸೀಲ್ ಹಾಕೋ ಹಾಗಿಲ್ಲ. ನಿಮ್ಗೆ ಇನ್ನೊಂದು ಅವಕಾಶ ಕೊಡೋಣ ಅಂದ್ರೆ, ಒಳಗೇನಿದೆ ಗೊತ್ತು ಅಂತ ಸಹಿ ನಿಮ್ದಿದೆಯಲ್ಲಮ್ಮಾ. ಗಡುವು ಇವತ್ತಿಗೆ ಮುಗೀತು. ನಾನೇನೂ ಮಾಡೋ ಹಾಗಿಲ್ಲ” ಎಂದರು. ಅವರ ದನಿಯಲ್ಲಿ ನಿಜವಾಗಿಯೂ ಬೇಸರವಿತ್ತು.

ಅಣ್ಣ ಹತ್ತಿರ ಬಂದ. ಸಮಾಧಾನ ಹೇಳಲೇ ಬಂದನೋ ಏನೋ, ಪುಣ್ಯಾತ್ಮನ ಬಾಯಿಂದ ಬಂದ ಮಾತು ನೋಡಿ: “ನೋಡಿದ್ಯಾ? ತೆಗೆದ ಮೇಲೂ ಆಗ್ಲಿಲ್ಲ.”

ಎಣ್ಣೆಕ್ಕ ಕೈಗವಸು ಬಿಚ್ಚಿ, ಇನ್ನೂ ಗುಡುಗುಡು ಎನ್ನುತ್ತಿದ್ದ ಇಂಜಿನ್ನಿನ ಪಕ್ಕದ ಚೌಕಟ್ಟಿನ ಮೇಲೆ ಅಂಗೈ ಇಟ್ಟಳು. ಉಸಿರು ತುಂಬಿತ್ತು. ಮೊದಲೇ ಗೊತ್ತಿತ್ತು ತನಗೆ, ಎಷ್ಟೋ ತಿಂಗಳ ಹಿಂದೆಯೇ ಗೊತ್ತಿತ್ತು. ಇಂಜಿನ್ ಆರಿಸಿದಳು.

ಕಾರ್ಟನ್ನು ಟೆಂಪೋಗೆ ಏರಿಸಲು ಇಬ್ಬರು ಬೇಕು. ಅಣ್ಣ ಬಂದು ಹಿಂದಿನ ಬಂಪರಿಗೆ ಕೈ ಹಾಕಿದ.

“ಕೈ ತೆಗಿ” ಎಂದಳು.

ಅವನು ತೆಗೆದ. ಅವಳು ಮೇಡಂ ಕಡೆ ತಿರುಗಿ, “ಸ್ವಲ್ಪ ಆ ಕಡೆ ಹಿಡೀತೀರಾ?” ಎಂದು ಕೇಳಿದಳು. ಮೇಡಂ ರಿಜಿಸ್ಟರನ್ನು ನೆಲದ ಮೇಲಿಟ್ಟು ಬಂದರು. ಇಬ್ಬರೂ ಸೇರಿ ಎತ್ತಿದರು.