ಒದ್ದೆ ಕೆನ್ನೆ

ನಾನು ದೋಣಿ ಮಾಡುವವಳು ಎಂದರೆ ಚಾಮರಾಜಪೇಟೆಯಲ್ಲಿ ಇವತ್ತಿಗೂ ಜನ ನಗುತ್ತಾರೆ. ನಗಲಿ. ಹೊಳೆಯಿಲ್ಲದ ಊರಿನಲ್ಲಿ ದೋಣಿ ಮಾಡಿದರೆ ನಗದೆ ಇನ್ನೇನು ಮಾಡುತ್ತಾರೆ? ನಮ್ಮ ಬೀದಿಯ ಹೂವಿನವಳಂತೂ, "ಅಮ್ಮಾ, ಇದನ್ನ ವೃಷಭಾವತಿ ಮೋರೀಲಿ ಬಿಡ್ತೀರಾ? ಹಂಗಾದ್ರೆ ಮೂಗು ಮುಚ್ಕೊಳ್ಳೋಕೆ ಒಂದೊಂದು ಬಟ್ಟೇನೂ ಕೊಡಿ" ಎಂದು ಗೇಲಿ ಮಾಡುತ್ತಿದ್ದಳು. ನಮ್ಮದು ಗಾಳಿ ತುಂಬುವ ದೋಣಿ. ರಬ್ಬರು ಹಚ್ಚಿದ ಗಟ್ಟಿ ಬಟ್ಟೆಯನ್ನು ಕತ್ತರಿಸಿ, ಅಂಟಿಸಿ, ದಪ್ಪ ಕೊಳವೆಗಳಾಗಿ ಮಾಡಿ ಗಾಳಿ ಹೊಡೆದರೆ ದೋಣಿ. ಗಾಳಿ ಬಿಟ್ಟು ಸುತ್ತಿದರೆ ಆಟೋದಲ್ಲಿ ಹಿಡಿಸುವ ಒಂದು ಮೂಟೆ. ಮಳೆಗೆ ಬಡಾವಣೆಗಳು ಮುಳುಗಿದಾಗ ಜನರನ್ನು ಮನೆಗಳಿಂದ ಹೊರಗೆ ಕರೆತರುವ ಸ್ವಯಂಸೇವಕರು ನಮ್ಮಿಂದ ಕೊಳ್ಳುತ್ತಾರೆ. ಬೀದಿಗಳೇ ಹೊಳೆಯಾಗತೊಡಗಿದ ಮೇಲೆ ನಗುವವರು ಸ್ವಲ್ಪ ಕಡಿಮೆಯಾದರು.

ಕೆಲಸ ಶುರು ಮಾಡಿದ್ದು ನಮ್ಮಣ್ಣ. ಕಲಾಸಿಪಾಳ್ಯದ ಲಾರಿಗಳಿಗೆ ಟಾರ್ಪಾಲು ಹೊಲಿಸಿಕೊಡುತ್ತಿದ್ದ. ಯಾರೋ ಹರಿದ ದೋಣಿಯೊಂದನ್ನು ರಿಪೇರಿಗೆ ತಂದುಕೊಟ್ಟರು; ಬಿಚ್ಚಿ ನೋಡಿದ, ಹುಚ್ಚು ಹತ್ತಿತು. ಹಳೇ ಮನೆಯೊಂದರ ಹಿತ್ತಲಲ್ಲಿ ತಗಡಿನ ಶೆಡ್ಡು ಹಾಕಿದ. ಐದಾರು ವರ್ಷ ಕಳೆಯುವಷ್ಟರಲ್ಲಿ ಎದೆನೋವು ಎಂದು ಮಲಗಿದವನು ಏಳಲಿಲ್ಲ. ಹದಿಮೂರನೆಯ ದಿನದ ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅವನ ಹೆಂಡತಿ, ನನ್ನ ಅತ್ತಿಗೆ, ಎಲೆ ತೆಗೆಯುತ್ತಲೇ ಹೇಳಿದರು: "ಅಂಟಿನ ಡಬ್ಬ ಹಾಗೇ ಬಿಟ್ರೆ ಗಟ್ಟಿಯಾಗ್ಬಿಡತ್ತೆ ಕಣೆ. ನಾಳೆ ಶೆಡ್ಡಿಗೆ ಹೋಗ್ತೀನಿ. ನೀನೂ ಬಂದ್ಬಿಡು."

ಹೀಗೆ ನಾವಿಬ್ಬರೂ ದೋಣಿಯವರಾದೆವು. ನಾನು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವಳು. ಅತ್ತಿಗೆ ಹೈಸ್ಕೂಲಿಗೇ ಓದು ನಿಲ್ಲಿಸಿ, ಮದುವೆಯಾಗಿ ಬಂದು, ಹಪ್ಪಳ ಒತ್ತಿ ಗಾಂಧಿಬಜಾರಿನ ಅಂಗಡಿಗಳಿಗೆ ಕೊಡುತ್ತಿದ್ದವರು. ನನ್ನನ್ನು ಕರೆಯುತ್ತಿದ್ದುದು "ಇಂಜಿನಿಯರಮ್ಮ" ಎಂದೇ. ಅದರಲ್ಲಿ ಎಷ್ಟು ಪ್ರೀತಿ, ಎಷ್ಟು ಕುಟುಕು ಎಂದು ಕೊನೆಯ ಅಕ್ಷರ ಎಳೆಯುವುದರ ಮೇಲೆ ತಿಳಿದುಕೊಳ್ಳಬೇಕಿತ್ತು.

ನನಗೆ ಮೂಗಿನ ತುದಿಯಲ್ಲೇ ಕೋಪ, ಜೊತೆಗೆ ಓದಿದವಳೆಂಬ ಜಂಬ. ಕೊಳವೆಯ ಒಳಗೆ ಅಡ್ಡಗೋಡೆಗಳನ್ನು ಅಂಟಿಸಿ, ಒಂದು ಕಡೆ ತೂತಾದರೂ ಉಳಿದ ಕಡೆ ಗಾಳಿ ನಿಲ್ಲುವಂತೆ ಮೂರು ಕೋಣೆ ಮಾಡಿದ್ದು ನಾನು. ನೆಲಕ್ಕೆ ಉಜ್ಜಿ ಸವೆಯುತ್ತಿದ್ದ ಅಂಟಿನ ಜೋಡಣೆಯನ್ನು ಪಕ್ಕಕ್ಕೆ ಸರಿಸಿದ್ದೂ ನಾನೇ. ಇಷ್ಟಕ್ಕೇ ಬೀಗುತ್ತಿದ್ದೆ. ಅತ್ತಿಗೆ ಮಾತ್ರ ಒಂದು ದಿನ ಸೆರಗು ಸಿಕ್ಕಿಸಿಕೊಂಡು ದೋಣಿಗೆ ಹತ್ತಲು ಹೋದವರು ಅಲ್ಲೇ ನಿಂತರು. "ಇಂಜಿನಿಯರಮ್ಮಾ, ನಿನ್ನ ದೋಣಿ ಪ್ಯಾಂಟ್ ಹಾಕ್ಕೊಂಡೋರಿಗೆ ಮಾತ್ರಾನಾ? ಸೊಂಟದ ತನಕ ನೀರಲ್ಲಿ ನಿಂತಿರೋ ಅಜ್ಜಿ ಸೀರೆ ಉಟ್ಕೊಂಡು ಇಷ್ಟೆತ್ತರ ಕಾಲೆತ್ತೋಕಾಗತ್ತಾ?" ಅವತ್ತಿನಿಂದ ನಮ್ಮ ದೋಣಿಗಳ ಒಂದು ಪಕ್ಕ ತಗ್ಗಾಗಿದೆ, ಅಲ್ಲೊಂದು ಬಟ್ಟೆಯ ಮೆಟ್ಟಿಲು ನೀರಿನೊಳಕ್ಕೆ ಇಳಿಬಿದ್ದಿದೆ.

ಅಂಟಿಸುವ ಕೆಲಸವನ್ನೂ ತಿದ್ದಿದ್ದು ಅವರೇ. ಎರಡು ಅಂಚುಗಳನ್ನು ಒಂದರ ಮೇಲೊಂದು ಕೂರಿಸಿದಾಗ ನಡುವೆ ಗಾಳಿಯ ಗುಳ್ಳೆ ಉಳಿಯಬಾರದು. ನಾನು ತಂದ ಕಬ್ಬಿಣದ ರೋಲರನ್ನು ಕೆಲಸಕ್ಕೆ ಬರುತ್ತಿದ್ದ ಹೆಂಗಸರು ಹಿಂದಕ್ಕೂ ಮುಂದಕ್ಕೂ ಉರುಳಿಸಿ ಗುಳ್ಳೆಗಳನ್ನು ಅತ್ತಿಂದಿತ್ತ ಓಡಾಡಿಸುತ್ತಿದ್ದರು. ಅತ್ತಿಗೆ ಮನೆಯಿಂದ ಲಟ್ಟಣಿಗೆ ತಂದರು. ಹಪ್ಪಳ ಒತ್ತುವಂತೆಯೇ ನಡುವಿನಿಂದ ಹೊರಕ್ಕೆ, ಮತ್ತೆ ನಡುವಿನಿಂದ ಹೊರಕ್ಕೆ. ಆಮೇಲೆ ಸೋರುವ ದೋಣಿಗಳು ಅಪರೂಪವಾದವು.

ಆದರೂ ಸೋರುತ್ತಿದ್ದವು. ಅದನ್ನು ಹಿಡಿಯುವುದು ಅತ್ತಿಗೆಯ ಕೆಲಸ. ಗ್ರಂಧಿಗೆ ಅಂಗಡಿಯಿಂದ ತಂದ ಅಂಟುವಾಳ ನೆನೆಸಿ, ನೊರೆ ಎಬ್ಬಿಸಿ, ಜೋಡಣೆಯುದ್ದಕ್ಕೂ ಸವರಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಇದು ಯಾರಾದರೂ ಮಾಡಬಹುದಾದದ್ದು. ಗುಳ್ಳೆಯೂ ಏಳದಷ್ಟು ಸಣ್ಣ ಸೋರಿಕೆಗೆ ಅವರ ಹತ್ತಿರ ಬೇರೆ ಉಪಾಯವಿತ್ತು. ನಲ್ಲಿಯ ಹತ್ತಿರ ಹೋಗಿ ಬಲಗೆನ್ನೆಯನ್ನು ಒದ್ದೆ ಮಾಡಿಕೊಳ್ಳುವರು. ಕಣ್ಣು ಮುಚ್ಚಿ, ಕೊಳವೆಯಿಂದ ಒಂದು ಬೆರಳಿನಷ್ಟು ದೂರ ಕೆನ್ನೆ ಹಿಡಿದು, ಇಡೀ ದೋಣಿಯನ್ನು ನಿಧಾನವಾಗಿ ಸುತ್ತುವರು. ಎಲ್ಲಿ ತಣ್ಣಗೆ ತಾಗಿತೋ ಅಲ್ಲಿ ನಿಂತು, ಸೀಮೆಸುಣ್ಣದಿಂದ ಒಂದು ದುಂಡು ಗುರುತು. ಅಲ್ಲಿ ತೇಪೆ ಬೀಳಬೇಕು. "ಕಣ್ಣು ಸುಳ್ಳು ಹೇಳಬಹುದು, ಒದ್ದೆ ಕೆನ್ನೆ ಹೇಳಲ್ಲ" ಎನ್ನುತ್ತಿದ್ದರು. ನನಗೂ ಕಲಿಸಿದರು. ನನಗೆ ದೊಡ್ಡ ಸೋರಿಕೆ ಸಿಗುತ್ತಿತ್ತು, ಸಣ್ಣದು ಸಿಗುತ್ತಿರಲಿಲ್ಲ. ಸುತ್ತು ಮುಗಿದ ಮೇಲೆ ಅವರು ಸೆರಗಿನಿಂದ ಮುಖ ಒರೆಸಿಕೊಂಡು "ಹೋಗಲಿ" ಎಂದರೆ ಆ ದೋಣಿ ಹೋಗಬಹುದು. ಅಷ್ಟು ವರ್ಷ, ಆ ಒಂದು ಮಾತು ಬೀಳದೆ ನಮ್ಮ ಶೆಡ್ಡಿನಿಂದ ಒಂದು ದೋಣಿಯೂ ಹೊರಗೆ ಹೋಗಲಿಲ್ಲ.

ಎರಡು ವರ್ಷದ ಹಿಂದೆ, ಬೇಸಿಗೆಯ ಒಂದು ಬೆಳಿಗ್ಗೆ, ಕಾಫಿ ಲೋಟ ಅವರ ಕೈಯಿಂದ ಜಾರಿತು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ವಾಯು ಹೊಡೆದಿದೆ ಎಂದರು ಅಕ್ಕಪಕ್ಕದವರು. ಆಸ್ಪತ್ರೆಯಲ್ಲೂ ಪಾರ್ಶ್ವವಾಯು ಎಂದೇ ಹೇಳಿದರು, ಸಣ್ಣದು, ಬೇಗ ಕರೆತಂದಿರಿ ಎಂದರು. ಮಾತು ಸರಿಹೋಯಿತು, ಕೈಯೂ ಮುಕ್ಕಾಲು ಪಾಲು ಬಂತು. ಹಾಸಿಗೆಯ ಮೇಲೆ ಕೂತು ನಕ್ಕರು: "ಜನ್ಮವೆಲ್ಲಾ ಗಾಳಿ ಹಿಡಿದೆ. ಈಗ ನೋಡು, ವಾಯುವೇ ನನ್ನ ಹಿಡೀತು." ನಾನೂ ನಕ್ಕೆ. ಬಲಗೆನ್ನೆ ಜೋಮು ಹಿಡಿದಂತೆಯೇ ಉಳಿದಿದೆ ಎಂದು ಅವರು ಯಾರಿಗೂ ಹೇಳಲಿಲ್ಲ.

ನನಗೆ ಗೊತ್ತಾದದ್ದು ಅವರು ಮತ್ತೆ ಶೆಡ್ಡಿಗೆ ಬಂದ ವಾರದಲ್ಲಿ. ಎಂದಿನಂತೆ ಬಲಗೆನ್ನೆ ಒದ್ದೆ ಮಾಡಿಕೊಂಡು ಸುತ್ತಿ "ಹೋಗಲಿ" ಎಂದರು. ಆ ದೋಣಿಯ ಗಾಳಿಯ ಮೂತಿಯ ಪಕ್ಕದಲ್ಲಿ ಬರಿಗಿವಿಗೇ ಕೇಳುವ ಹಾಗೆ ಸುಯ್ ಎನ್ನುತ್ತಿತ್ತು. ಕೆಲಸದ ಹೆಂಗಸರು ನನ್ನ ಮುಖ ನೋಡಿದರು. ನಾನು ತಲೆ ಬಗ್ಗಿಸಿದೆ. ಅತ್ತಿಗೆ ಮನೆಗೆ ಹೋದ ಮೇಲೆ ತೇಪೆ ಹಾಕಿದೆ. ಕೆಲವು ದಿನದಲ್ಲಿ ಅವರೇ ಎಡಗೆನ್ನೆಗೆ ಬದಲಾಯಿಸಿಕೊಂಡರು, ಯಾಕೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಡಗೆನ್ನೆಗೆ ಅಭ್ಯಾಸವಿರಲಿಲ್ಲ. ಏನೂ ಇಲ್ಲದ ಕಡೆ ಎರಡು ಮೂರು ಸಲ ಗುರುತು ಹಾಕಿದರು.

ನಾನು ಒತ್ತಡ ತೋರಿಸುವ ಮೀಟರೊಂದನ್ನು ತಂದೆ. ದೋಣಿಗೆ ಗಾಳಿ ತುಂಬಿ ಮುಳ್ಳು ಎಲ್ಲಿದೆ ಎಂದು ಬರೆದುಕೊಂಡು, ಮಾರನೆಯ ದಿನ ಅದೇ ಹೊತ್ತಿಗೆ ನೋಡಬೇಕು. ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಇದನ್ನು ಅತ್ತಿಗೆಯ ಎದುರಿಗೆ ಮಾಡುವ ಧೈರ್ಯವಾಗಲಿಲ್ಲ. ಅವರು ಮನೆಗೆ ಹೋದ ಮೇಲೆ ಮೀಟರ್ ಸಿಕ್ಕಿಸುವೆ, ಬರುವ ಮುಂಚೆ ಬಿಚ್ಚಿ ಬೀರುವಿನಲ್ಲಿಡುವೆ. ಅವರ ಮನಸ್ಸು ನೋಯಬಾರದು ಎಂದು ಹೀಗೆ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅದು ನಿಜವೂ ಹೌದು.

ಹೋದ ವರ್ಷ ಮಳೆಗಾಲದಲ್ಲಿ ಸ್ವಯಂಸೇವಕರು ಒಂದು ದೋಣಿಗೆ ಅವಸರ ಮಾಡಿದರು. ಎರಡು ದಿನದಲ್ಲಿ ಜೋರು ಮಳೆಯಂತೆ, ಇವತ್ತೇ ಬೇಕು, ಟೆಂಪೋ ಕಳಿಸುತ್ತೇವೆ ಎಂದರು. ಬೆಳಿಗ್ಗೆ ಆರಕ್ಕೆ, ಚಳಿಯಲ್ಲಿ, ಗಾಳಿ ತುಂಬಿ ಮೀಟರ್ ನೋಡಿ ಬರೆದುಕೊಂಡೆ. ಹತ್ತಕ್ಕೆ ಅತ್ತಿಗೆ ಬಂದರು. ಎಡಗೆನ್ನೆ ಒದ್ದೆ ಮಾಡಿಕೊಂಡು ಸುತ್ತಿದರು. ಹಿಂದಿನ ಮೂಲೆಯಲ್ಲಿ ಬಹಳ ಹೊತ್ತು ನಿಂತರು, ಮುಂದೆ ಹೋಗಿ ಮತ್ತೆ ಅಲ್ಲಿಗೇ ಬಂದರು. ಸೀಮೆಸುಣ್ಣದಿಂದ ಗುರುತು ಹಾಕಿ, "ಇಲ್ಲಿ ತೇಪೆ ಹಾಕ್ಸು" ಎಂದು ಹೇಳಿ, ಸುಸ್ತಾಗುತ್ತಿದೆ ಎಂದು ಮಧ್ಯಾಹ್ನಕ್ಕೇ ಮನೆಗೆ ಹೋದರು.

ತೇಪೆ ಹಾಕಿದರೆ ಅಂಟು ಆರಲು ಒಂದು ದಿನ ಬೇಕು. ಟೆಂಪೋ ಬಾಗಿಲಲ್ಲಿತ್ತು. ಅಂಟುವಾಳದ ನೊರೆ ಸವರಿ ಎರಡು ನಿಮಿಷ ನೋಡಿದೆ, ಗುಳ್ಳೆ ಏಳಲಿಲ್ಲ. ಮೀಟರ್ ಹಾಕಿದೆ. ಮುಳ್ಳು ಬೆಳಿಗ್ಗೆ ಇದ್ದದ್ದಕ್ಕಿಂತ ಒಂದು ಕೂದಲಿನಷ್ಟು ಮೇಲೇ ಇತ್ತು. ಪಾಪ, ಮತ್ತೆ ತಪ್ಪಿದರು ಎಂದುಕೊಂಡು ಒದ್ದೆ ಬಟ್ಟೆಯಿಂದ ಆ ಗುರುತನ್ನು ಒರೆಸಿದೆ. ದೋಣಿ ಹೋಯಿತು.

ಮಾರನೆಯ ದಿನ ಅತ್ತಿಗೆ ಖಾಲಿ ಜಾಗ ನೋಡಿದರು.

"ತೇಪೆ ಇಷ್ಟು ಬೇಗ ಆರ್ತಾ?"

"ಅಲ್ಲೇನೂ ಇರಲಿಲ್ಲ ಅತ್ತಿಗೆ. ಮೀಟರ್ ಹಾಕಿ ನೋಡ್ದೆ."

"ಯಾವ ಮೀಟರು?"

ಬೀರುವಿನಿಂದ ತೆಗೆದು ತೋರಿಸಿದೆ. ಅವರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ನಾನು ನೋಡಿದ ಮೇಲೆ ನೀನು ಇನ್ನೊಂದ್ಸಲ ನೋಡ್ತೀಯೇನೇ? ಎಷ್ಟು ದಿನದಿಂದ?"

"ನೀವು ಆಸ್ಪತ್ರೆಯಿಂದ ಬಂದಾಗಿಂದ."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ನಾನೂ ಎದುರುತ್ತರ ಕೊಟ್ಟು ಜಗಳವಾಡಿ ಸಂಜೆಗೆ ಸರಿಹೋಗುತ್ತಿತ್ತು. ಅವರು ಮೀಟರನ್ನು ಮೇಜಿನ ಮೇಲಿಟ್ಟು, "ನಂಗೆ ಹೇಳ್ಬಹುದಿತ್ತು" ಎಂದರು. ಸಂಜೆ ಹೋಗುವಾಗ ಲಟ್ಟಣಿಗೆಯನ್ನು ತೊಳೆದು ಚೀಲದಲ್ಲಿ ಹಾಕಿಕೊಂಡರು. ಆಮೇಲೆ ಶೆಡ್ಡಿಗೆ ಬರಲಿಲ್ಲ. ಬಸವನಗುಡಿಯ ಬಾಡಿಗೆ ಮನೆಯಲ್ಲಿ ಮತ್ತೆ ಹಪ್ಪಳ ಒತ್ತತೊಡಗಿದ್ದಾರೆ ಎಂದು ತಿಳಿಯಿತು.

ಮಳೆ ಬಂತು. ಹತ್ತು ದಿನದ ಮೇಲೆ ಆ ದೋಣಿ ವಾಪಸ್ಸು ಬಂತು. ತಂದ ಹುಡುಗ ಬಹಳ ಮರ್ಯಾದೆಯವನು. ರಾತ್ರಿಯಿಡೀ ಹೊರಗಿಟ್ಟು ಬೆಳಿಗ್ಗೆ ನೀರಿಗಿಳಿಸಿದೆವು, ಒಬ್ಬ ಅಜ್ಜಿ ಎರಡು ಮಕ್ಕಳು ಕೂತಿದ್ದಾಗ ಹಿಂದಿನ ಮೂಲೆ ಕುಸಿಯಿತು, ಉಳಿದ ಎರಡು ಕೋಣೆ ಗಟ್ಟಿಯಿದ್ದವು, ಹಿಡಿದುಕೊಂಡು ದಡ ಸೇರಿಸಿದೆವು, ಯಾರಿಗೂ ಏನೂ ಆಗಲಿಲ್ಲ ಎಂದು ಹೇಳಿದ. "ಎಲ್ಲೋ ಗೇಟಿನ ಕಬ್ಬಿಣ ತಾಗಿರ್ಬೇಕು ಮೇಡಂ, ನಮ್ದೇ ತಪ್ಪು" ಎಂದೂ ಸೇರಿಸಿದ.

ಅವನು ಹೋದ ಮೇಲೆ ಗಾಳಿ ತುಂಬಿದೆ. ಎಲ್ಲೂ ಗೀರಿರಲಿಲ್ಲ. ಕೆನ್ನೆ ಒದ್ದೆ ಮಾಡಿಕೊಂಡು ಹಿಂದಿನ ಮೂಲೆಗೆ ಹೋದೆ. ಈಗ ನನ್ನ ಕೆನ್ನೆಗೂ ಸಿಗುವಷ್ಟು ಆಗಿತ್ತು: ಒಂದು ನೂಲಿನಷ್ಟು ತಣ್ಣನೆ ಗಾಳಿ, ಸರಿಯಾಗಿ ನಾನು ಗುರುತು ಒರೆಸಿದ ಜಾಗದಲ್ಲಿ. ಪುಸ್ತಕ ತೆಗೆದು ನೋಡಿದೆ. ಬೆಳಿಗ್ಗೆ ಆರು ಗಂಟೆ, ಮಧ್ಯಾಹ್ನ ಒಂದು ಗಂಟೆ. ಅವತ್ತು ಮಧ್ಯಾಹ್ನ ಮೋಡ ಸರಿದು ತಗಡು ಕಾದಿತ್ತು. ಒಳಗಿನ ಗಾಳಿ ಕಾದು ಉಬ್ಬಿ, ಸೋರಿ ಹೋದಷ್ಟನ್ನು ಮುಳ್ಳಿಗೆ ಮುಚ್ಚಿಟ್ಟಿತ್ತು. ಬಿಸಿಲಿಗೆ ಗಾಳಿ ಉಬ್ಬುತ್ತದೆ ಎಂಬುದು ಸೈಕಲ್ ಅಂಗಡಿಯವನಿಗೂ ಗೊತ್ತು. ಡಿಪ್ಲೊಮಾ ಮಾಡಿದ ನನಗೆ ಗೊತ್ತಾಗಲಿಲ್ಲ.

ಅದೇ ವಾರ ಗೌರಿ ಹಬ್ಬ. ಅಪ್ಪ, ಅಮ್ಮ, ಅಣ್ಣ ಯಾರೂ ಉಳಿಯದ ಮೇಲೆ ನನಗೆ ತವರೆಂದರೆ ಅತ್ತಿಗೆಯೇ. ಗಂಡ ಹೋದವರು ಬಾಗಿನ ಕೊಡಬಾರದು ಎನ್ನುವವರನ್ನು ಲೆಕ್ಕಿಸದೆ ಪ್ರತಿ ವರ್ಷ ಅವರ ಕೈಯಿಂದಲೇ ನನಗೆ ಬಾಗಿನ. ಇವತ್ತು ಹೇಳಿಯೇಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಮೊರದ ಮೇಲೆ ಸೆರಗು ಮುಚ್ಚಿ ನನ್ನ ಕಡೆ ಚಾಚಿದವರು, "ಆ ದೋಣಿ ಹೆಂಗಿದೆಯಂತೆ?" ಎಂದು ಕೇಳಿದರು. ಬೇರೆ ಯಾವ ದೋಣಿಯನ್ನೂ ಅವರು ಹಾಗೆ ಕೇಳಿದ್ದಿಲ್ಲ.

ನಾನು ಬಾಗಿನ ಹಿಡಿದುಕೊಂಡು, "ಚೆನ್ನಾಗಿದೆಯಂತೆ ಅತ್ತಿಗೆ" ಎಂದೆ.

ಯಾಕೆ ಹಾಗೆಂದೆ ಎಂದು ಇವತ್ತಿಗೂ ನನ್ನನ್ನು ನಾನು ಕೇಳಿಕೊಳ್ಳುತ್ತೇನೆ. ನಿಮ್ಮದು ಸರಿ, ನನ್ನದು ತಪ್ಪು ಎಂಬ ಎರಡು ಮಾತು ಬಾಯಿಗೆ ಬರಲಿಲ್ಲ. ಇನ್ನೊಂದು ದಿನ ಹೇಳಿದರಾಯಿತು ಎಂದುಕೊಂಡೆ. ಅವರ ಮುಖ ಒಂದು ಕ್ಷಣ ಚಿಕ್ಕದಾಯಿತು. ಆಮೇಲೆ ಎಡಗೆನ್ನೆಯನ್ನು ಅಂಗೈಯಿಂದ ಸವರಿಕೊಂಡು, "ಹಂಗಾದ್ರೆ ಇದೂ ಸತ್ತೋಯ್ತು ಕಣೆ. ನೀನು ಮೀಟರ್ ತಂದಿದ್ದೇ ಒಳ್ಳೇದಾಯ್ತು. ಹೋಗಲಿ ಬಿಡು" ಎಂದು ಒಳಗೆ ಹೋಗಿ ಹಪ್ಪಳ ಕರಿದು ತಂದರು. ತಿಂದೆ. ಚೆನ್ನಾಗಿದೆ ಎಂದೂ ಹೇಳಿದೆ.

ಆ ಇನ್ನೊಂದು ದಿನ ಬರಲಿಲ್ಲ. ಬರುವ ಹಾಗೆ ನಾನು ಮಾಡಲಿಲ್ಲ ಎನ್ನುವುದೇ ಸರಿ. ದಸರೆಗೆ ಹೋದೆ, ದೀಪಾವಳಿಗೆ ಹೋದೆ, ಎರಡು ಸಲವೂ ಉಸಿರೆತ್ತಲಿಲ್ಲ. ಕಾರ್ತಿಕದ ಕೊನೆಗೆ ಎರಡನೇ ಸಲ ವಾಯು ಹೊಡೆಯಿತು. ಫೋನು ಬಂದು ನಾನು ಓಡಿ ಹೋದಾಗ ಬಸವನಗುಡಿಯ ರಸ್ತೆಯಲ್ಲಿ ಪರಿಷೆಯ ಕಡಲೆಕಾಯಿ ಸಿಪ್ಪೆ ಇನ್ನೂ ಕಾಲಿಗೆ ಸಿಗುತ್ತಿತ್ತು. ಅವರನ್ನು ನಡುಮನೆಯಲ್ಲಿ ಮಲಗಿಸಿದ್ದರು. ಜಗಲಿಯ ಮೇಲೆ ಒಣಗಲು ಹಾಕಿದ್ದ ಹಪ್ಪಳವನ್ನು ಯಾರೂ ತೆಗೆದಿರಲಿಲ್ಲ.

ಪಕ್ಕದಲ್ಲಿ ಕೂತು, ಬಗ್ಗಿ, ಅವರ ಎಡಗೆನ್ನೆಯ ಹತ್ತಿರ ನನ್ನ ಕೆನ್ನೆ ತಂದೆ. ನೀರು ಹಚ್ಚಿಕೊಳ್ಳಬೇಕಾಗಿರಲಿಲ್ಲ, ಒದ್ದೆಯಾಗಿಯೇ ಇತ್ತು. "ಆ ದೋಣಿ ಸೋರ್ತಿತ್ತು ಅತ್ತಿಗೆ, ನೀವು ಗುರುತು ಹಾಕಿದ ಕಡೇನೇ" ಎಂದು ಅವರ ಕಿವಿಯಲ್ಲಿ ಹೇಳಿದೆ. ಅವರೇ ಕಲಿಸಿದಂತೆ ಕಣ್ಣು ಮುಚ್ಚಿ, ಅವರ ಮೂಗಿನಿಂದ ಒಂದು ಬೆರಳಿನಷ್ಟು ದೂರ ಕೆನ್ನೆ ಹಿಡಿದು ಕಾದೆ. ನೂಲಿನಷ್ಟು ಗಾಳಿಯೂ ತಾಗಲಿಲ್ಲ.

ನಾನು ಮುದ್ದಿಡುತ್ತಿದ್ದೇನೆ ಎಂದುಕೊಂಡರೋ ಏನೋ, ಪಕ್ಕದ ಮನೆಯವರು ಮೆಲ್ಲಗೆ ನನ್ನ ಭುಜ ಹಿಡಿದು ಎಬ್ಬಿಸಿದರು. "ಏಳಮ್ಮಾ, ಹೊತ್ತಾಯ್ತು" ಎಂದರು. "ಹೋಗಲಿ, ಬಿಡು."